ಗಿರಣಿಯ ಮುಂದಿನ ಕಂಬಗಳು

ಗಂಡ ತೀರಿಕೊಂಡ ಮನೆಗೆ ಜನ ಮೊದಲು ಸಮಾಧಾನ ತರುತ್ತಾರೆ, ಆಮೇಲೆ ಸಲಹೆ ತರುತ್ತಾರೆ. ಸಮಾಧಾನಕ್ಕೆ ತಲೆಯಾಡಿಸಿದರೆ ಸಾಕು. ಸಲಹೆಗೆ ಉತ್ತರ ಕೊಡಬೇಕಾಗುತ್ತದೆ. ನನಗೆ ಬಂದ ಸಲಹೆಗಳೆಲ್ಲ ನಮ್ಮ ಹಿಟ್ಟಿನ ಗಿರಣಿಯ ಮುಂದೆ ಏನು ನಿಲ್ಲಿಸಬೇಕು ಎಂಬುದರ ಬಗ್ಗೆ.

ನವಲಗುಂದದ ಹತ್ತಿರದ ಹಳ್ಳಿ ನಮ್ಮದು. ಗಿರಣಿ ಓಣಿಯ ತಿರುವಿನಲ್ಲಿದೆ. ಹತ್ತಿ ಹೇರಿದ ಟ್ರ್ಯಾಕ್ಟರುಗಳು ಅಲ್ಲೇ ಹೊರಳಬೇಕು. ನಮ್ಮವರಿದ್ದಾಗ ಹಿಟ್ಟು ಮೆತ್ತಿದ ಮೈಯಲ್ಲೇ ಹೊರಗೆ ಓಡಿ, "ಲೇ, ಬಲಕ್ಕ ಹೊಡಿ!" ಎಂದು ಗದರುತ್ತಿದ್ದರು. ಆ ಬೆಳ್ಳನೆಯ ಆಕಾರ ಕಂಡು ಎಂಥ ಡ್ರೈವರನೂ ಬ್ರೇಕು ಒತ್ತುತ್ತಿದ್ದ. ನನಗೆ ಅಂಥ ಗಂಟಲಿಲ್ಲ. ಅವರು ತೀರಿಕೊಂಡ ವರ್ಷದ ಸುಗ್ಗಿಯಲ್ಲಿ ಟ್ರೇಲರೊಂದು ಗೋಡೆ ಸವರಿ, ಪಾಳಿಗಿಟ್ಟ ಡಬ್ಬಿಗಳನ್ನು ಚಪ್ಪಟೆ ಮಾಡಿತು. ಜೋಳದ ಡಬ್ಬಿಯನ್ನು ಸಾಲಿನಲ್ಲಿಟ್ಟು ಮನೆಗೆ ಹೋಗುವುದು ನಮ್ಮಲ್ಲಿ ರೂಢಿ. ಡಬ್ಬಿಯೇ ಮನುಷ್ಯರ ಪರವಾಗಿ ನಿಲ್ಲುತ್ತದೆ. ಬಾಜು ಮನೆಯ ನೀಲವ್ವಾಯಿ ಮಣ್ಣಿನಿಂದ ಜೋಳ ಆರಿಸುತ್ತ, "ಡಬ್ಬಿ ಆದ್ರ ಬಡದು ನೆಟ್ಟಗ ಮಾಡಬೌದು, ನನ್ನ ಯಾರ ಮಾಡ್ತಾರ?" ಎಂದಳು. ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ.

ಟೈರು ಅರ್ಧ ಹೂತರೆ ಸಾಕು ಎಂದ ಮೈದುನ. ಅದು ಸೈಕಲ್ಲನ್ನು ತಡೆದೀತು, ಟ್ರೇಲರನ್ನಲ್ಲ. ನೀಲವ್ವಾಯಿಯದು ಬೇರೆ ದಾರಿ: "ಕಲ್ಲು ನಿಲ್ಲಿಸಿ ಕುಂಕುಮ ಹಚ್ಚವಾ, ದೇವರ ಮ್ಯಾಲೆ ಯಾರೂ ಗಾಡಿ ಹಾಯಿಸಂಗಿಲ್ಲ." ಹಾಯಿಸುವುದಿಲ್ಲ, ನಿಜ. ಆದರೆ ವರ್ಷದೊಳಗೆ ದೇವರಿಗೆ ತಗಡಿನ ನೆರಳು ಬಂದು, ಪಾಳಿಯವರು ಬಿಸಿಲಿಗೆ ಬೀಳುತ್ತಾರೆ. ಕಬ್ಬಿಣದ ಕಟಕಟೆ ಹಾಕಿದರೆ ಚೀಲ ಹೊತ್ತವರು ಒಳಗೆ ಬರುವುದು ಹೇಗೆ? ಕೊನೆಗೆ ಕಾಂಕ್ರೀಟು ತುಂಬಿದ ದಪ್ಪ ಪೈಪುಗಳೇ ಆಗಲಿ ಎಂದೆ. ನಮ್ಮ ಎರೆಮಣ್ಣು ಬೇಸಿಗೆಯಲ್ಲಿ ಬಿರಿದು ಕಂಬವನ್ನೇ ಓರೆ ಮಾಡುತ್ತದೆ; ಅದಕ್ಕೆ ಆಳ ತೋಡಿಸಿ, ಬುಡಕ್ಕೆ ಗರಸುಮಣ್ಣು ತುಂಬಿಸಿದೆ. ಪಾಳಿಯ ಜನ, ಒಳಗಿನ ಮೋಟಾರು, ನಿಲ್ಲಿಸಿದ ಬೈಕುಗಳು, ಎಲ್ಲಕ್ಕೂ ಜಾಗ ನೋಡಿದೆ. ನಾನು ನಡೆಯುವ ದಾರಿ ಮಾತ್ರ ನೆನಪಿಗೆ ಬರಲಿಲ್ಲ.

ಕಂಬ ನಿಂತ ಮರುದಿನವೇ ಡಬ್ಬಿ ಹೊತ್ತು, ಇಷ್ಟು ವರ್ಷದ ರೂಢಿಯಂತೆ ಗಿರಣಿಯಿಂದ ನೇರ ಇಳಿದವಳ ಮೊಣಕಾಲು ಕಂಬಕ್ಕೆ ಬಡಿಯಿತು. ಅಲ್ಲೇ ಕುಳಿತೆ. ಅಳು ಬಂತು, ನಿಲ್ಲಲೇ ಇಲ್ಲ. ಅವರು ಹೋದ ದಿನ ಬಂದವರಿಗೆ ನೀರು ಕೊಡುವುದರಲ್ಲೇ ಇದ್ದ ನನಗೆ ಅಳಲು ಆಗಿರಲಿಲ್ಲ.

"ಭಾಳ ನೋವಾತೇನ ಯವ್ವಾ?" ಎಂದಳು ನೀಲವ್ವಾಯಿ.

"ಹೌದಾಯಿ, ಭಾಳ."

ಮೈದುನ ಕಂಬವನ್ನು ಅಲುಗಿಸಿ ನೋಡಿ, "ಗಟ್ಟಿ ಐತಿ ಬಿಡ್ರಿ ವೈನಿ" ಎಂದು ಸಮಾಧಾನ ಹೇಳಿದ. ಆಮೇಲೆ ಅದಕ್ಕೆ ಗೋಣಿತಾಟು ಸುತ್ತಿದ. ಹೊಸ ಗಿರಾಕಿಗಳು, "ಟ್ರ್ಯಾಕ್ಟರ್ ಬಡೀತಾವೇನ್ರಿ?" ಎಂದು ಕೇಳಿದರೆ ಅವನದು ಒಂದೇ ಉತ್ತರ:

"ಇಲ್ರಿ, ಅವು ದೂರದಿಂದ ಹೋಗ್ತಾವು. ಬಡಿಯೂದು ನಮ್ಮ ವೈನಿ ಒಬ್ರ."