ಕೆರೆಗೆ ಹೋದ ಕೂಲಿಂಗ್ ಗ್ಲಾಸು

ಮೊದಲು ಸಂಗತಿಗಳು.

ಒಂದು. ಗಾಜು ಕಪ್ಪಗಿದ್ದ ಮಾತ್ರಕ್ಕೆ ಕಣ್ಣಿಗೆ ರಕ್ಷಣೆ ಸಿಗುವುದಿಲ್ಲ. ಅತಿನೇರಳೆ ಕಿರಣಗಳನ್ನು ತಡೆಯದ ಕಪ್ಪು ಗಾಜು ಬರಿಗಣ್ಣಿಗಿಂತ ಅಪಾಯಕಾರಿಯಾಗಬಹುದು. ಕತ್ತಲಾಯಿತೆಂದು ನಂಬಿ ಪಾಪೆ ಅಗಲವಾಗುತ್ತದೆ, ಕಿರಣಗಳು ಸಲೀಸಾಗಿ ಒಳಗೆ ಹೋಗುತ್ತವೆ.

ಎರಡು. ನೀರಿನ ಬಳಿ ಬಿಸಿಲು ಮೇಲಿನಿಂದಷ್ಟೇ ಅಲ್ಲ, ಕೆಳಗಿನಿಂದಲೂ ಪಕ್ಕದಿಂದಲೂ ಬರುತ್ತದೆ. ಆದ್ದರಿಂದ ಬದಿಗಳಲ್ಲಿ ಬಾಗಿ ಮುಖಕ್ಕೆ ಕೂರುವ ಅಗಲವಾದ ಫ್ರೇಮು ಬೇಕು.

ಮೂರು. ನೀರಿನ ಮೇಲಿನ ಥಳಥಳವನ್ನು ಕತ್ತರಿಸುವುದು ಪೋಲರೈಸ್ಡ್ ಗಾಜು. ಥಳಥಳ ಕತ್ತರಿಸುವುದು ಬೇರೆ, ಅತಿನೇರಳೆ ತಡೆಯುವುದು ಬೇರೆ. ಎರಡೂ ಇವೆಯೇ ಎಂದು ಅಂಗಡಿಯಲ್ಲಿ ಕೇಳಿಯೇ ಕೊಳ್ಳಬೇಕು.

ನಾಲ್ಕು. ಪೋಲರೈಸ್ಡ್ ಗಾಜಿನ ಮೂಲಕ ನೋಡಿದಾಗ ಕೆಲವು ಫೋನುಗಳ ಪರದೆ ಒಂದು ಕೋನದಲ್ಲಿ ಪೂರ್ತಿ ಕಪ್ಪಾಗುತ್ತದೆ. ಫೋನನ್ನು ತಿರುಗಿಸಿದರೆ ಮತ್ತೆ ಕಾಣುತ್ತದೆ.

ಐದು. ಕಣ್ಣಿನ ಪರೀಕ್ಷೆ ಕಲಿಯಲು ವರ್ಷಗಟ್ಟಲೆ ಓದಿ ನಾನು ಪದವಿ ಪಡೆದೆ. ವಿಜಯನಗರದ ಕನ್ನಡಕದ ಅಂಗಡಿಯೊಂದರಲ್ಲಿ ಈಗ ನನ್ನ ಮುಖ್ಯ ಕೆಲಸ, ಗಿರಾಕಿಗಳ ಮುಖದೆದುರು ಕನ್ನಡಿ ಹಿಡಿಯುವುದು.

ಇಂಥ ಅಂಗಡಿಯಲ್ಲಿ ಹಾಸ್ಯಕ್ಕೆ ಬರವಿಲ್ಲ. ಇಂದು ಹಲ್ಲು ಕಚ್ಚಿ ಸಹಿಸಿದ್ದು ಮುಂದಿನ ವಾರದ ಹೊತ್ತಿಗೆ ನಗೆಯ ಪ್ರಸಂಗವಾಗಿರುತ್ತದೆ, ಅಷ್ಟರಲ್ಲಿ ಹಲ್ಲು ಕಚ್ಚಲು ಹೊಸದೊಂದು ಬಂದಿರುತ್ತದೆ. ಕೆಳಗಿನವೆಲ್ಲ ಒಬ್ಬರೇ ಗಿರಾಕಿಯ ಸುತ್ತ ನಡೆದವು. ಅವರು ಆರ್‌ಪಿಸಿ ಲೇಔಟಿನ ಅಂಕಲ್, ಕಾರ್ಖಾನೆಯಿಂದ ನಿವೃತ್ತರು. ಭಾನುವಾರ ಕೆಂಗೇರಿ ಆಚೆಯ ಕೆರೆಯೊಂದರಲ್ಲಿ ಗಾಳ ಹಾಕಿ ಕೂರುವುದೇ ಅವರಿಗೆ ಉಳಿದಿರುವ ಸುಖ. ಬಲಗಣ್ಣಿನಲ್ಲಿ ಪಾಪೆಯತ್ತ ಬೆಳೆಯುತ್ತಿದ್ದ ಮಾಂಸದ ಪದರವನ್ನು ಶಸ್ತ್ರಚಿಕಿತ್ಸೆ ಮಾಡಿ ತೆಗೆದಿದ್ದಾರೆ. ಸರಿಯಾದ ಕನ್ನಡಕವಿಲ್ಲದೆ ನೀರಿನ ಬಿಸಿಲಿಗೆ ಕೂತರೆ ಅದು ಮತ್ತೆ ಬೆಳೆಯಬಹುದು ಎಂದು ವೈದ್ಯರು ಎಚ್ಚರಿಸಿದ್ದರು. ಅವರ ಹೆಂಡತಿ, ಅಂದರೆ ಆಂಟಿ, ಇದನ್ನು ಸಂಕ್ಷೇಪಿಸಿದ್ದರು: “ಕನ್ನಡಕ ಇಲ್ಲ ಅಂದ್ರೆ ಕೆರೆ ಇಲ್ಲ.”

ಗ್ರೂಪಿನ ತೀರ್ಪು

ಬದಿಗಳಲ್ಲಿ ಬಾಗಿದ, ಬೂದು ಬಣ್ಣದ ಪೋಲರೈಸ್ಡ್ ಕನ್ನಡಕವೊಂದನ್ನು ಅಂಕಲ್‌ಗೆ ಹಾಕಿಸಿದೆ. ಅವರು ಕನ್ನಡಿ ನೋಡಿ ಮೀಸೆ ಸವರಿಕೊಂಡರು. ಆಂಟಿ ಫೋಟೋ ತೆಗೆದರು. “ಇರಿ, ಫ್ಯಾಮಿಲಿ ಗ್ರೂಪ್‌ಗೆ ಹಾಕಿದೀನಿ. ಎಲ್ರೂ ಒಂದ್ಮಾತು ಹೇಳ್ಲಿ.”

ಎಲ್ಲರೂ ಹೇಳಿದರು. ಆಂಟಿ ಗಟ್ಟಿಯಾಗಿ ಓದಿದರು. ಅವರ ಅಕ್ಕ: ವೆಲ್ಡಿಂಗ್ ಮಾಡೋರ ಥರ ಇದೆ. ತಮ್ಮ: ಭಾವ, ಪೊಲೀಸ್ ಜೀಪ್ ಎಲ್ಲಿ? ಸೊಸೆ: ಮಾವನಿಗೆ ಸಣ್ಣ ರೌಂಡ್ ಫ್ರೇಮೇ ಚೆಂದ.

“ಸಣ್ಣ ಫ್ರೇಮಲ್ಲಿ ಬಿಸಿಲು ನಾಲ್ಕೂ ಕಡೆಯಿಂದ ಒಳಗೆ ಬರುತ್ತೆ ಆಂಟಿ. ಆಪರೇಷನ್ ಆಗಿರೋ ಕಣ್ಣು,” ಎಂದೆ.

“ಅದೆಲ್ಲ ಸರಿ ಕಣಮ್ಮ. ಮುಖಕ್ಕೆ ಒಪ್ಬೇಕಲ್ವಾ?”

“ಕೆರೆ ದಡದಲ್ಲಿ ಅವರ ಮುಖ ಯಾರು ನೋಡ್ತಾರೆ?”

ಆಂಟಿಯ ಬೆರಳು ಫೋನಿನ ಮೇಲೆಯೇ ನಿಂತಿತು. ಅವರು ಗಂಡನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. “ಹೌದಲ್ವಾ? ಅಲ್ಲಿ ಯಾರು ನೋಡ್ಬೇಕು ಇವರನ್ನ? ಆ ವೆಲ್ಡಿಂಗ್‌ದೇ ಕೊಡಿ.”

ವಿಜ್ಞಾನ ಸೋತ ಕಡೆ ಅನುಮಾನ ಗೆದ್ದಿತು.

ಮೀನಿನ ಚೀಟಿ

ನಮ್ಮ ಅಂಗಡಿಯಲ್ಲಿ ಒಂದು ಪರೀಕ್ಷಾ ಚಿತ್ರವಿದೆ. ಬರಿಗಣ್ಣಿಗೆ ಬರೀ ನೀರು. ಪೋಲರೈಸ್ಡ್ ಗಾಜಿನಿಂದ ನೋಡಿದರೆ ನೀರಿನೊಳಗೊಂದು ಮೀನು. ಅದನ್ನು ತೋರಿಸುವ ಹಕ್ಕನ್ನು ಅಂಗಡಿಯ ಯಜಮಾನರು ಯಾರಿಗೂ ಬಿಟ್ಟುಕೊಡುವುದಿಲ್ಲ. ಅಂಕಲ್‌ಗೂ ಅವರೇ ತೋರಿಸಿದರು.

“ಮೀನು ಬಂತಾ ಸಾರ್?”

“ಬಂತು! ಕೆರೇಲೂ ಹಿಂಗೇ ಕಾಣುತ್ತಾ?”

“ಮೀಸೆ ಸಮೇತ ಕಾಣುತ್ತೆ ಸಾರ್.”

“ನೀರು ತಿಳಿಯಾಗಿದ್ರೆ ಮಾತ್ರ,” ಎಂದೆ ನಾನು.

“ಮೇಡಂ, ನೀವು ಕನ್ನಡಿ ಹಿಡೀರಿ,” ಎಂದರು ಯಜಮಾನರು.

ಸೋಮವಾರ ಬಾಗಿಲು ತೆರೆಯುವಾಗಲೇ ಅಂಕಲ್ ನಿಂತಿದ್ದರು. “ಮೀನು ಒಂದೂ ಕಾಣ್ಲಿಲ್ಲ ಕಣಮ್ಮ. ಚಪ್ಪಲಿ ಕಾಣ್ತು, ಪ್ಲಾಸ್ಟಿಕ್ ಕವರ್ ಕಾಣ್ತು, ಯಾರದೋ ಮನೆ ಕಮೋಡ್ ಕಾಣ್ತು. ಮೊದ್ಲು ಬರೀ ಥಳಥಳ ಅಂತಿತ್ತು, ಚೆನ್ನಾಗಿತ್ತು.”

“ಹಾಗಾದ್ರೆ ಕನ್ನಡಕ ಸರಿಯಾಗಿ ಕೆಲಸ ಮಾಡ್ತಿದೆ ಅಂಕಲ್.”

ಅವರು ಕ್ಷಣ ಯೋಚಿಸಿದರು. “ಕೆಲ್ಸ ಮಾಡ್ದೇ ಇರೋದು ಯಾವ್ದಾದ್ರೂ ಇದ್ರೆ ಕೊಡಮ್ಮ.”

ನಗರದ ಕೆರೆಗಳ ಮಾನವನ್ನು ಇಷ್ಟು ವರ್ಷ ಕಾಪಾಡಿಕೊಂಡು ಬಂದಿರುವುದು ಥಳಥಳವೇ ಎಂದು ನನಗೆ ಅಂದು ಅರ್ಥವಾಯಿತು.

ಆಯುಧಪೂಜೆ

ಹಬ್ಬದ ಮರುವಾರ ಅಂಕಲ್ ಮತ್ತೆ ಬಂದರು. “ಎರಡು ಸೂರ್ಯ ಕಾಣ್ತಿದ್ದಾನೆ ಕಣಮ್ಮ. ಎರಡೂ ಕೆಂಪು.”

ಕನ್ನಡಕ ತೆಗೆದುಕೊಂಡು ನೋಡಿದೆ. ಎರಡೂ ಗಾಜುಗಳ ನಟ್ಟನಡುವೆ ಗಂಧ, ಅದರ ಮೇಲೆ ದುಂಡಗೆ ಕುಂಕುಮ. ಸ್ಕೂಟರು, ಗಾಳದ ಕೋಲು, ಈಳಿಗೆಮಣೆಗಳ ಸಾಲಿನಲ್ಲಿ ಕನ್ನಡಕಕ್ಕೂ ಪೂಜೆಯಾಗಿತ್ತು.

“ಒರೆಸಬೇಕಿತ್ತಲ್ಲ ಅಂಕಲ್?”

“ಹಬ್ಬದ ಕುಂಕುಮ ಕಣಮ್ಮ. ಅದಾಗೇ ಹೋಗ್ಬೇಕು. ನಾವಾಗಿ ಒರೆಸ್ಬಾರ್ದು ಅಂತಾಳೆ ನಿಮ್ಮಾಂಟಿ.”

ಇಡೀ ಭಾನುವಾರ ಅವರು ಎರಡು ಬೊಟ್ಟುಗಳ ಸಂದಿಯಿಂದ ಕೆರೆ ನೋಡುತ್ತ ಕೂತಿದ್ದರು. ಗಾಜಿನ ಮೇಲಿನ ಲೇಪನದ ಬಗ್ಗೆ, ಅದು ಗೀರಿದರೆ ಏನಾಗುತ್ತದೆ ಎಂಬುದರ ಬಗ್ಗೆ ನಾನು ವಿವರವಾಗಿ ಹೇಳಿದೆ. ಜನರಿಗೆ ತಿಳಿವಳಿಕೆಯೇ ಇಲ್ಲವೆನ್ನುತ್ತ ಯಜಮಾನರತ್ತ ತಿರುಗಿದೆ. ಅವರು ಗಂಭೀರವಾಗಿ ತಲೆಯಾಡಿಸಿದರು. ಅವರ ಬೆನ್ನ ಹಿಂದೆ ನಾನು ಕಣ್ಣು ಪರೀಕ್ಷಿಸುವ ಯಂತ್ರವಿತ್ತು. ಅದರ ಗಾಜಿನ ನಡುವೆಯೂ ಗಂಧ, ಅದರ ಮೇಲೆ ಕುಂಕುಮ, ಪಕ್ಕದಲ್ಲೊಂದು ನಿಂಬೆಹಣ್ಣು.

ಅಡ್ಡ ಹಿಡಿದ ಫೋನು

ಕೊನೆಗೊಂದು ದಿನ ಆಂಟಿಯೇ ಬಂದರು. ಕನ್ನಡಕವನ್ನು ಕೌಂಟರಿನ ಮೇಲೆ ಕುಕ್ಕಿದರು. ಹಿಂದೆ ಅಂಕಲ್, ತಪ್ಪಿತಸ್ಥನಂತೆ.

“ವಾಪಸ್ ತಗೊಳ್ಳಿ. ಕೆರೆನೂ ಬಂದ್, ಗಾಳನೂ ಬಂದ್. ಪ್ರತಿ ವಾರ ವಿಡಿಯೋ ಕಾಲ್ ಮಾಡ್ತೀನಿ, ಹಾಕ್ಕೊಂಡಿದಾರಾ ನೋಡೋಣ ಅಂತ. ಒಂದ್ಸಲಾನೂ ಕಣ್ಮೇಲಿಲ್ಲ! ಯಾವಾಗ್ಲೂ ಕೈಯಲ್ಲಿ!”

“ನೀನು ಕಾಲ್ ಮಾಡ್ದಾಗ ತೆಗೀತೀನಿ ಕಣೇ,” ಎಂದರು ಅಂಕಲ್.

“ಯಾಕೆ, ನನ್ನ ಮುಖ ನೋಡೋಕೆ ಅಷ್ಟು ಆಸೆನಾ?”

“ಹಾಕ್ಕೊಂಡ್ರೆ ಫೋನ್ ಸತ್ತೋಗುತ್ತೆ.”

ವಿಚಾರಿಸಿದಾಗ ವಿಷಯ ಸ್ಪಷ್ಟವಾಯಿತು. ಪಕ್ಕದಲ್ಲಿ ಯಾರಿದ್ದಾರೆಂದು ಕಾಣಬೇಕಾದ್ದರಿಂದ ಫೋನನ್ನು ಅಡ್ಡ ಹಿಡಿಯಬೇಕೆಂದು ಆಂಟಿಯ ಅಪ್ಪಣೆ. ಅಡ್ಡ ಹಿಡಿದೊಡನೆ ಪರದೆ ಕಪ್ಪಾಗುತ್ತಿತ್ತು. ಅಂಕಲ್ ಗಾಬರಿಯಾಗಿ ಕನ್ನಡಕ ತೆಗೆಯುತ್ತಿದ್ದರು. ಕನ್ನಡಕವಿಲ್ಲದ ಗಂಡನನ್ನು ಆಂಟಿ ಪ್ರತಿ ವಾರ ರೆಡ್‌ಹ್ಯಾಂಡಾಗಿ ಹಿಡಿಯುತ್ತಿದ್ದರು. ಬಿಸಿಲಿನಲ್ಲಿ ಆ ಕಣ್ಣು ಬರಿದಾಗುತ್ತಿದ್ದದ್ದು, ಕಣ್ಣು ಬರಿದಾಗಿಲ್ಲವೇ ಎಂದು ವಿಚಾರಿಸುವ ಹೊತ್ತಿನಲ್ಲಿ ಮಾತ್ರ.

ನಾನು ಕನ್ನಡಕವನ್ನು ಆಂಟಿಗೆ ಹಾಕಿ, ಅಂಕಲ್ ಫೋನನ್ನು ಅಡ್ಡ ಹಿಡಿದೆ.

“ಅಯ್ಯೋ! ಹೌದಲ್ರೀ, ಏನೂ ಇಲ್ಲ!”

ಇನ್ನು ಫೋನನ್ನು ನೆಟ್ಟಗೆ ಹಿಡಿದರೆ ಪರದೆ ಮರಳುತ್ತದೆ ಎಂದು ತೋರಿಸಬೇಕಿತ್ತು. ನನ್ನ ಕೈ ತಿರುಗತೊಡಗಿತ್ತು. ಆಂಟಿಯ ಹಿಂದೆ ನಿಂತಿದ್ದ ಅಂಕಲ್ ಕೈ ಮುಗಿದರು.

“ಅಷ್ಟು ಸಾಕು ಬಿಡಮ್ಮ,” ಎಂದರು ಮೆಲ್ಲಗೆ.

ಫೋನನ್ನು ಹಾಗೆಯೇ ಕೌಂಟರಿನ ಮೇಲೆ ಬೋರಲು ಹಾಕಿದೆ.

ಆಂಟಿ ಕನ್ನಡಕ ತೆಗೆದು, ಯೋಚಿಸಿ, ಹೊಸ ಕಾನೂನು ಹೊರಡಿಸಿದರು. “ಹಂಗಾದ್ರೆ ಇನ್ಮೇಲೆ ಕೆರೆ ಹತ್ರ ನನ್ನ ಕಾಲ್ ತೆಗೀಲೇಬಾರ್ದು. ತೆಗೆದ್ರೋ, ಕನ್ನಡಕ ಹಾಕ್ಕೊಂಡಿಲ್ಲ ಅಂತ ಅರ್ಥ!”

ಅಂದಿನಿಂದ ಅಂಕಲ್ ಕೆರೆ ಬಳಿ ಕನ್ನಡಕ ಕೆಳಗಿಟ್ಟಿಲ್ಲ. ಮೊನ್ನೆ ಪರೀಕ್ಷಿಸಿದೆ, ಕಣ್ಣು ತಿಳಿಯಾಗಿದೆ. ಈಗ ಗೋವಿಂದರಾಜನಗರದಿಂದಲೂ ಗಂಡಸರು ಬರುತ್ತಿದ್ದಾರೆ. ಅತಿನೇರಳೆ ಕಿರಣದ ಬಗ್ಗೆ ಯಾರೂ ಕೇಳುವುದಿಲ್ಲ. ಕೌಂಟರಿಗೆ ಬಾಗಿ, ದನಿ ತಗ್ಗಿಸಿ ಕೇಳುತ್ತಾರೆ: “ಮೇಡಂ, ಹಾಕ್ಕೊಂಡ್ರೆ ಹೆಂಡ್ತಿ ಫೋನ್ ಎತ್ತೋ ಹಂಗಿಲ್ವಂತಲ್ಲ, ಆ ಕನ್ನಡಕ ಇದೆಯಾ?” ನಾನು ಓದಿದ್ದೆಲ್ಲ ಸೇರಿಯೂ ಮಾಡಲಾಗದ್ದನ್ನು ಈ ಒಂದು ಪ್ರಶ್ನೆ ಮಾಡಿದೆ. ಕಾರಣ ಯಾವುದಾದರೇನು, ಕಣ್ಣುಗಳು ಉಳಿಯುತ್ತಿವೆ.

ಆದ್ದರಿಂದ ಓದುಗರಲ್ಲಿ ವಿನಂತಿ. ನೀರಿನ ಬಳಿ ಕೂರುವವರು, ದೋಣಿ ಹತ್ತುವವರು, ಗಾಳ ಹಾಕುವವರು ನಿಮಗೆ ಗೊತ್ತಿದ್ದರೆ ಈ ಬರಹದ ಮೊದಲ ಸಂಗತಿಗಳನ್ನು ಅವರಿಗೆ ತಲುಪಿಸಿ. ಫ್ಯಾಮಿಲಿ ಗ್ರೂಪುಗಳಿಗೂ ಹಾಕಿ. ಆದರೆ ಆರ್‌ಪಿಸಿ ಲೇಔಟಿನ ಕಡೆಗೆ ಕಳಿಸುವಾಗ ನಾಲ್ಕನೆಯದನ್ನು ದಯವಿಟ್ಟು ಅಳಿಸಿ ಕಳಿಸಿ. ಒಬ್ಬರ ಭಾನುವಾರ ಅದರ ಮೇಲೆ ನಿಂತಿದೆ.