ಪದವೀಧರನಿಗೊಂದು ಓಟ

ಹೈಸ್ಕೂಲಿನಲ್ಲಿ ಕೂತೇ ಕಾಲೇಜು ಪಾಠ ಓದಬಹುದು ಎಂದಾಗ, ಕೋಲ್ಟನ್ ವೊಂದ್ರಾ ಮದುವೆಮನೆ ಹೊಕ್ಕ ಹಸಿದವನಂತೆ ಸಿಕ್ಕಿದ್ದನ್ನೆಲ್ಲ ಓದಿದ. ಹೈಸ್ಕೂಲು ಮುಗಿಯಲು ಹತ್ತು ದಿನವಿದ್ದಾಗಲೇ ಕಾಲೇಜಿನವರು ಅವನಿಗೆ ಎರಡು ವರ್ಷದ ಪದವಿ ಕೊಟ್ಟುಬಿಟ್ಟರು. ಎದುರುಮನೆಯ ಅರ್ಲೀನ್ ಕೇಕು ಹಂಚಿದರು.

ಸೋಮವಾರ ಬೆಳಿಗ್ಗೆ ಶಾಲೆಯ ದಾಖಲೆ ನೋಡುವ ಹ್ರುಸ್ಕಾ ಮೇಡಂ ಕರೆಸಿದರು. "ನೀನು ಹೈಸ್ಕೂಲು ಪಾಸಾಗಲ್ಲಪ್ಪ. ಪಿಟಿಯಲ್ಲಿ ಅರ್ಧ ಕ್ರೆಡಿಟ್ ಕಮ್ಮಿ."

"ಕಾಲೇಜಿಂದು ವ್ಯಾಯಾಮದ ಪಾಠ ಮಾಡಿದೀನಲ್ಲ ಮೇಡಂ?"

"ಅದು ಕಂಪ್ಯೂಟರಲ್ಲಿ. ಬೆವರಿದ್ಯಾ?"

"ಪರೀಕ್ಷೆ ದಿನ ಬೆವರಿದ್ದೆ."

ಮೇಡಂ ನಗಲಿಲ್ಲ. ಹೈಸ್ಕೂಲಿನ ಪ್ರಮಾಣಪತ್ರ ಇಲ್ಲದಿದ್ದರೆ ಆಗಸ್ಟಿನಲ್ಲಿ ವಿಶ್ವವಿದ್ಯಾಲಯದ ಸೀಟು ಹೋಯಿತು. ಕೋಲ್ಟನ್ ಮೈದಾನಕ್ಕೆ ಓಡಿದ. ಆ ಓಟವೂ ಲೆಕ್ಕಕ್ಕೆ ಬರಲಿಲ್ಲ.

"ಜೂನಲ್ಲಿ ಬೇಸಿಗೆ ಪಿಟಿ ಕ್ಲಾಸಿದೆ, ಸೇರ್ಕೋ," ಎಂದರು ಪಿಟಿ ಕಲಿಸುವ ಕೋಚ್ ಡೈಟ್ಸ್. "ಆದ್ರೆ ನನಗೆ ಮೊಣಕಾಲಿನ ಆಪರೇಷನ್. ಬದಲಿ ಮೇಷ್ಟ್ರು ಸಿಕ್ಕರೆ ಕ್ಲಾಸು, ಇಲ್ದಿದ್ರೆ ಇಲ್ಲ."

ಸುದ್ದಿ ಅರ್ಲೀನ್ ಕಿವಿಗೆ ಬಿತ್ತು. "ನೀನು ಸುಮ್ನಿರು ಮಗಾ, ನಾನು ಹುಡುಕ್ತೀನಿ!" ಮಧ್ಯಾಹ್ನದೊಳಗೆ ಅಂಚೆಯವನು, ಹಂದಿ ಸಾಕುವ ಮರ್ಲಿನ್, ಚರ್ಚಿನಲ್ಲಿ ಆರ್ಗನ್ ನುಡಿಸುವ ಅಜ್ಜಿ, ಎಲ್ಲರೂ ಶಾಲೆಯ ಕಚೇರಿಯಲ್ಲಿ ಸಾಲು ನಿಂತಿದ್ದರು. ಬದಲಿ ಮೇಷ್ಟ್ರಿಗೆ ಹದಿನೆಂಟು ತುಂಬಿರಬೇಕು, ಕಾಲೇಜು ಪದವಿ ಇರಬೇಕು. ವಯಸ್ಸು ಎಲ್ಲರಲ್ಲೂ ಧಾರಾಳವಾಗಿತ್ತು. ಪದವಿ ಒಬ್ಬರಲ್ಲೂ ಇರಲಿಲ್ಲ.

ಮೂರು ಗಂಟೆಗೆ ಪ್ರಿನ್ಸಿಪಾಲ್ ಬಾರ್ಟಲ್ಸ್ ಅವನನ್ನು ಮೈದಾನಕ್ಕೆ ಕರೆಸಿದರು. ಪಕ್ಕದಲ್ಲಿ ಅರ್ಲೀನ್ ಹಬ್ಬದ ಮುಖ ಮಾಡಿಕೊಂಡು ನಿಂತಿದ್ದರು.

"ಮೇಷ್ಟ್ರು ಸಿಕ್ಕಿದ್ರು ಕಣಯ್ಯ!" ಎಂದು ಪ್ರಿನ್ಸಿಪಾಲರು ಅವನ ಕೈ ಕುಲುಕಿದರು. "ಊರಲ್ಲಿ ಬೇಸಿಗೆಗೆ ಬಿಡುವಾಗಿರೋ ಪದವೀಧರ ನೀನೊಬ್ಬನೇ ಅಂತೆ. ಅರ್ಲೀನ್ ಹೇಳಿದ್ರು."

ಕೋಲ್ಟನ್ ಕೈ ಬಿಡಿಸಿಕೊಂಡ. "ಸರ್, ನಾನು ಹೈಸ್ಕೂಲೇ ಮುಗಿಸಿಲ್ಲ!"

"ನಿಯಮ ಅದನ್ನ ಕೇಳಲ್ಲ. ವಯಸ್ಸು ಕೇಳುತ್ತೆ, ನಿನಗೆ ಹದಿನೆಂಟು ತುಂಬಿದೆ. ಪದವಿ ಕೇಳುತ್ತೆ, ಅದೂ ಇದೆ."

ಒಂದು ಕ್ಷಣ ಅವನ ಮುಖ ಅರಳಿತು. "ಹಾಗಾದ್ರೆ ನನಗೆ ನಾನೇ ಪಾಸು ಹಾಕ್ಕೋಬಹುದಾ?"

"ಛೆ! ಮೇಷ್ಟ್ರ ಹೆಸರು ವಿದ್ಯಾರ್ಥಿಗಳ ಪಟ್ಟೀಲಿ ಇರೋ ಹಾಗಿಲ್ಲ. ನಿಂದು ಮುಂದಿನ ಬೇಸಿಗೆಗೆ ನೋಡೋಣ."

"ನಾನು ಒಲ್ಲೆ ಅಂದ್ರೆ?"

"ಮೇಷ್ಟ್ರಿಲ್ಲದೆ ಕ್ಲಾಸೆಲ್ಲಿ?"

ಕೋಚ್ ಕುಂಟುತ್ತಾ ಬಂದು ತಮ್ಮ ಸೀಟಿಯನ್ನು ಅವನ ಕೊರಳಿಗೆ ಹಾಕಿದರು. "ಊದಿ ನೋಡೋಣ, ಮೇಷ್ಟ್ರೇ."

ಕೋಲ್ಟನ್ ಊದಿದ. ಮೈದಾನದಲ್ಲಿದ್ದ ಹುಡುಗರೆಲ್ಲ ಓಡತೊಡಗಿದರು. ನಿಯಮದ ಪ್ರಕಾರ ಅವನೊಬ್ಬ ನಿಂತೇ ಇದ್ದ.