ಶನಿವಾರದ ಗೆಲುವು ಇಲಾಖೆಯ ಗಮನಕ್ಕೆ ಬಾರದಂತೆ ನೋಡಿಕೊಳ್ಳುವ ಬಗ್ಗೆ

ಖಾಲಿ ಜಾಗಗಳ ಇಲಾಖೆ
ಮೈದಾನ ಶಾಖೆ, ಎರಡನೇ ಮಹಡಿ

ಸಂಖ್ಯೆ: ಖಾಜಾಇ/ಮೈದಾನ/ರಗ್ಬಿ/20–19
(ಸಂಖ್ಯೆಯಲ್ಲಿರುವ ಅಂಕಿಗಳು ಕಡತದ ಸರದಿಯಂತೆ ಬಂದಿರುತ್ತವೆ. ಬೇರೆ ಅರ್ಥ ಕಲ್ಪಿಸಿಕೊಂಡು ಯಾರೂ ಕುಣಿಯತಕ್ಕದ್ದಲ್ಲ.)

ದಿನಾಂಕ: ಸೋಮವಾರ, ಬೆಳಿಗ್ಗೆ 10.40

ಸುತ್ತೋಲೆ

ವಿಷಯ: ಕಳೆದ ಶನಿವಾರ ನಡೆದಿರಬಹುದಾದ ಸಂಗತಿಯನ್ನು ಬರುವ ಗುರುವಾರ ಬೆಳಿಗ್ಗೆ ಹನ್ನೊಂದರವರೆಗೆ ಸಮಸ್ತ ಸಿಬ್ಬಂದಿ ಗಮನಿಸದೇ ಇರುವ ಬಗ್ಗೆ.

ಉಲ್ಲೇಖ:
(ಅ) ಹೊಸ ರಗ್ಬಿ ತಂಡಕ್ಕೆ ಕಚೇರಿಯ ಹಿಂದಿನ ಮೈದಾನ ಬಳಸಲು ಕಳೆದ ವರ್ಷ ನೀಡಿದ ಅನುಮತಿ ಆದೇಶ, ಮುಖ್ಯವಾಗಿ ಅದರ ಷರತ್ತು 7.
(ಆ) ಸದರಿ ಮೈದಾನ ತಮಗೆ ಬೇಕೆಂಬ ವಾಹನ ಶಾಖೆಯ ಮುಖ್ಯಸ್ಥರ ಇಂದಿನ ಬೆಳಿಗ್ಗೆ 9.05ರ ಪತ್ರ. (ಕಚೇರಿ ತೆರೆಯುವುದು ಹತ್ತು ಗಂಟೆಗೆ.)
(ಇ) ಮೈದಾನ ಶಾಖೆಯ ಅಧೀಕ್ಷಕರಿಗೆ ಅವರ ಅಕ್ಕನವರು ಭಾನುವಾರ ಊಟದ ಹೊತ್ತಿನಲ್ಲಿ ನೀಡಿದ ಮೌಖಿಕ ಎಚ್ಚರಿಕೆ.

ಪ್ರಸ್ತಾವನೆ:

ಈ ಊರಿನಲ್ಲಿ ಕಳೆದ ವರ್ಷ ಹೊಸದೊಂದು ರಗ್ಬಿ ತಂಡ ಹುಟ್ಟಿಕೊಂಡಿತು. ಲಿಫ್ಟ್ ರಿಪೇರಿಯವರು, ಬೇಕರಿಯವರು, ಆಸ್ಪತ್ರೆಯಲ್ಲಿ ಸ್ಟ್ರೆಚರ್ ತಳ್ಳುವವರು ಸೇರಿ ಕಟ್ಟಿದ ತಂಡ. ಹುಮ್ಮಸ್ಸು ಬೇಕಾದಷ್ಟಿತ್ತು, ಆಡಲು ಜಾಗ ಮಾತ್ರ ಇರಲಿಲ್ಲ. ಕಚೇರಿಯ ಹಿಂದಿನ ಮೈದಾನವನ್ನು ಕೊಡಲು ನಿರ್ದೇಶಕರು ಒಪ್ಪಿದರು. ಆದೇಶ ಬರೆಯುವ ಕೆಲಸ ಮೈದಾನ ಶಾಖೆಯ ಅಧೀಕ್ಷಕರ ಪಾಲಿಗೆ ಬಂತು. ಇವರನ್ನು ಇಡೀ ಕಚೇರಿ ಷರತ್ತಪ್ಪ ಎಂದೇ ಕರೆಯುತ್ತದೆ. ಮೂವತ್ತೊಂದು ವರ್ಷದ ಸೇವೆಯಲ್ಲಿ ಇವರು ಷರತ್ತು ಹಾಕದೆ ಯಾರಿಗೂ ಒಂದು ಲೋಟ ನೀರು ಕೊಟ್ಟ ನಿದರ್ಶನವಿಲ್ಲ.

ಷರತ್ತಪ್ಪನವರು ಆರು ಷರತ್ತುಗಳನ್ನು ಬರೆದರು. ಆರೂ ಮರ್ಯಾದಸ್ಥ ಷರತ್ತುಗಳೇ. ಆದರೆ ಹಾಳೆಯ ಕೆಳಗೆ ಎರಡು ಸಾಲಿನಷ್ಟು ಜಾಗ ಉಳಿಯಿತು. ಆದೇಶದಲ್ಲಿ ಜಾಗ ಬಿಟ್ಟರೆ ನಾಳೆ ಯಾರಾದರೂ ಅಲ್ಲಿ ಏನಾದರೂ ಸೇರಿಸಿಯಾರು ಎಂಬುದು ಈ ಕಸುಬಿನ ಮೊದಲ ಪಾಠ. ಆದ್ದರಿಂದ ಜಾಗ ತುಂಬುವ ಸಲುವಾಗಿ ಇವರು ಏಳನೆಯದನ್ನು ಬರೆದರು: “ತಂಡವು ತನ್ನ ಮೊದಲ ಪಂದ್ಯವನ್ನು ಗೆದ್ದ ಸಂಗತಿ ಇಲಾಖೆಯ ಗಮನಕ್ಕೆ ಬಂದ ಕೂಡಲೇ ಈ ಅನುಮತಿ ತಾನಾಗಿಯೇ ರದ್ದಾಗತಕ್ಕದ್ದು.” ಗೆಲ್ಲುವ ತಂಡಕ್ಕೆ ಜಾಗ ಕೊಡುವವರು ಬೇಕಾದಷ್ಟು ಜನ ಮುಂದೆ ಬಂದಾರು ಎಂಬುದು ಅವರ ಲೆಕ್ಕಾಚಾರವಾಗಿತ್ತು. ಮುಂದೆ ತಂಡವು ಒಂಬತ್ತು ಪಂದ್ಯಗಳನ್ನು ಸಾಲಾಗಿ ಸೋತಿದ್ದರಿಂದ ಷರತ್ತು 7 ಯಾರ ತಂಟೆಗೂ ಹೋಗದೆ ಕಡತದಲ್ಲಿ ಮಲಗಿತ್ತು.

ಶನಿವಾರ ಹತ್ತನೆಯ ಪಂದ್ಯ. ಅಲ್ಲಿ ಏನಾಯಿತೆಂಬುದು ಇಲಾಖೆಗೆ ತಿಳಿದಿಲ್ಲ. ತಿಳಿದಿದ್ದರೆ ಹೀಗೆ ತಿಳಿದಿರುತ್ತಿತ್ತು: ಕೊನೆಯ ನಿಮಿಷ, ನಮ್ಮವರು ಹದಿನೇಳು, ಎದುರಾಳಿಗಳು ಹತ್ತೊಂಬತ್ತು. ನಮ್ಮವರಿಗೆ ಮೂರು ಅಂಕದ ಒಂದು ಪೆನಾಲ್ಟಿ ಒದೆತ ಸಿಕ್ಕಿತು, ಅದೂ ಅಷ್ಟು ದೂರದಿಂದ. ಚೆಂಡು ಎಡಗಂಬಕ್ಕೆ ಬಡಿಯಿತು. ಆಮೇಲೆ ಚೆಂಡು ಒಳಕ್ಕೆ ಬಿತ್ತು. ಇಪ್ಪತ್ತು, ಹತ್ತೊಂಬತ್ತು. ಒದ್ದವನು ಇದೇ ಕಚೇರಿಯ ಲಿಫ್ಟ್ ರಿಪೇರಿ ಮಾಡುವವನು, ಷರತ್ತಪ್ಪನವರ ಅಕ್ಕನ ಮಗ.

ಭಾನುವಾರ ಊಟಕ್ಕೆ ಕುಳಿತಾಗ ಆ ಸೋದರಳಿಯನ ಕೈಗೆ ಹಳೆಯ ಆದೇಶದ ಪ್ರತಿ ಸಿಕ್ಕಿತು. ಅವನು ಕೂಗಾಡಲಿಲ್ಲ. “ಮಾವ, ಇದನ್ನ ನೀವೇ ಬರ್ದಿದ್ದಾ?” ಎಂದಷ್ಟೇ ಕೇಳಿದ. ಅಕ್ಕನವರು ಮಾತ್ರ ಸೌಟು ಕೆಳಗಿಟ್ಟು, “ಖಾಲಿ ಜಾಗ ಕಂಡ್ರೆ ನಿನ್ ಕೈ ಯಾಕೋ ಸುಮ್ನಿರಲ್ಲ? ಆ ಹುಡುಗ್ರು ಮೈದಾನ ಕಳ್ಕೊಂಡ್ರೆ ಈ ಮನೇಲಿ ನಿನಗೆ ಅನ್ನ ಇಲ್ಲ, ಇದು ನನ್ ಷರತ್ತು” ಎಂದರು. ಷರತ್ತಪ್ಪನವರು ಕಲಸಿದ ತುತ್ತನ್ನು ತಟ್ಟೆಗೇ ಹಿಂದಿರುಗಿಸಿದರು. ಮಾಡಿದ್ದುಣ್ಣೋ ಮಹಾರಾಯ ಎಂಬ ಗಾದೆಯು ಅವರಿಗೆ ಅಕ್ಷರಶಃ ಅನ್ವಯವಾಗಿದ್ದು ಅದೇ ಮೊದಲು.

ಇತ್ತ ವಾಹನ ಶಾಖೆಯ ಮುಖ್ಯಸ್ಥರು ತಮ್ಮ ಹದಿನಾಲ್ಕು ಗುಜರಿ ಜೀಪುಗಳನ್ನು ನಿಲ್ಲಿಸಲು ಅದೇ ಮೈದಾನದ ಮೇಲೆ ಕಣ್ಣಿಟ್ಟು ವರ್ಷವಾಯಿತು. ಅನುಮತಿ ರದ್ದಾಗಿ, ಒಂದೇ ಒಂದು ಶಾಖೆ ಜಾಗ ಕೇಳಿದರೂ ಅದು ಆ ಶಾಖೆಗೇ ಹೋಗುತ್ತದೆ. ಪಂದ್ಯವನ್ನು ಕಣ್ಣಾರೆ ಕಂಡ ನೌಕರನೊಬ್ಬನ ಹೇಳಿಕೆ ‘ಗಮನ ಪುಸ್ತಕ’ದಲ್ಲಿ ನಮೂದಾದರೆ ಸಾಕು, ಸಂಗತಿ ಇಲಾಖೆಯ ಗಮನಕ್ಕೆ ಬಂದಂತೆ. ತಾವು ಶನಿವಾರ ನೆಂಟರ ಮನೆಗೆ ಹೋಗಿದ್ದುದಾಗಿ ತಿಳಿಸಿರುವ ಸದರಿ ಮುಖ್ಯಸ್ಥರು ಗಮನ ಪುಸ್ತಕವನ್ನು ಕಂಕುಳಲ್ಲಿಟ್ಟುಕೊಂಡು ಬೆಳಿಗ್ಗೆಯಿಂದ ಪ್ರತಿ ಮಹಡಿಯಲ್ಲೂ ಕಿವಿ ನಿಮಿರಿಸಿ ತಿರುಗುತ್ತಿದ್ದಾರೆ. ಷರತ್ತು 7ನ್ನು ಕೈಬಿಡುವ ಅಧಿಕಾರವಿರುವ ಜಾಗ ಸಮಿತಿ ಸೇರುವುದು ಗುರುವಾರ. ಅಲ್ಲಿಯವರೆಗೆ ಯಾರ ಬಾಯಿಂದಲೂ ಏನೂ ಉದುರಬಾರದು. ಆದ್ದರಿಂದ,

ಈ ಕೆಳಕಂಡಂತೆ ಸಮಸ್ತರಿಗೂ ಸೂಚಿಸಲಾಗಿದೆ:

1. ‘ಗೆದ್ವಿ’, ‘ಗೆದ್ದೇಬಿಟ್ವಿ’, ‘ಗೆದ್ವಲ್ರೋ’ ಇತ್ಯಾದಿ ಕ್ರಿಯಾಪದಗಳನ್ನು ಕಚೇರಿಯ ಆವರಣದಲ್ಲಿ ಬಳಸತಕ್ಕದ್ದಲ್ಲ. ತಡೆಯಲಾರದಷ್ಟು ಒತ್ತಡ ಉಂಟಾದಲ್ಲಿ “ಶನಿವಾರ ಬಿಸಿಲು ಚೆನ್ನಾಗಿತ್ತು” ಎನ್ನಬಹುದು. ಬೆರಳಚ್ಚುಗಾರ್ತಿಯವರು ಈ ವಾಕ್ಯವನ್ನು ಮೇಜಿನ ಮೇಲೆ ಹತ್ತಿ ನಿಂತು, ಕಣ್ಣಲ್ಲಿ ನೀರು ತುಂಬಿಕೊಂಡು ಹೇಳಿದ್ದು ಗಮನಕ್ಕೆ ಬಂದಿದ್ದು, ಬಿಸಿಲಿಗೆ ಅಷ್ಟು ಅಗತ್ಯವಿಲ್ಲವೆಂದು ತಿಳಿಸಲಾಗಿದೆ.

2. ಕಳೆದ ಒಂಬತ್ತು ಸೋಮವಾರಗಳಂದು ಧರಿಸಿದ್ದ ಮುಖಭಾವವನ್ನೇ ಗುರುವಾರದವರೆಗೆ ಮುಂದುವರಿಸತಕ್ಕದ್ದು. ಅದು ಹೇಗಿತ್ತೆಂದು ಮರೆತವರು ಮಧ್ಯಾಹ್ನ ಮೂರರಿಂದ ನಾಲ್ಕರವರೆಗೆ ತಪಾಸಣಾ ಶಾಖೆಗೆ ಭೇಟಿ ನೀಡಿ ಅಲ್ಲಿನ ಸಿಬ್ಬಂದಿಯನ್ನು ನೋಡಿ ಬರಬಹುದು.

3. ಕಚೇರಿಯ ನಲವತ್ತಾರು ಗಂಟಲುಗಳ ಪೈಕಿ ನಲವತ್ತೊಂದು ಕಟ್ಟಿಹೋಗಿವೆ. ಇದಕ್ಕೆ ನೆಗಡಿಯೇ ಕಾರಣ. ಆದರೆ ಇಷ್ಟು ಜನರಿಗೆ ಒಂದೇ ದಿನ ನೆಗಡಿಯಾಗುವುದು ಅನುಮಾನಕ್ಕೆ ಎಡೆಯಾಗುವುದರಿಂದ ನೆಗಡಿಯನ್ನು ಶಾಖಾವಾರು ಹಂಚಲಾಗಿದೆ: ಸೋಮವಾರ ಟಪಾಲು, ಮಂಗಳವಾರ ದಾಸ್ತಾನು, ಬುಧವಾರ ಉಳಿದವರು. ತಮ್ಮ ಸರದಿ ಬರುವವರೆಗೆ ಇತರರು ಕೈಸನ್ನೆಯಲ್ಲಿ ವ್ಯವಹರಿಸತಕ್ಕದ್ದು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಅದರಂತೆ, ವಾಹನ ಶಾಖೆಯ ಮುಖ್ಯಸ್ಥರು ಎದುರಾದಾಗ ಯಾರೂ ಗಂಟಲು ಮುಟ್ಟಿ ನೋಡಿಕೊಳ್ಳಕೂಡದು.

4. ಚಹಾ ಕೌಂಟರಿನ ಮುಂದೆ ಹೆಗಲಿಗೆ ಹೆಗಲು ಕೊಟ್ಟು, ತಲೆ ತಗ್ಗಿಸಿ ಎರಡು ಬಣವಾಗಿ ತಳ್ಳಾಡುವುದನ್ನು, ಅಂದರೆ ರಗ್ಬಿಯ ಸ್ಕ್ರಮ್ ಮಾಡುವುದನ್ನು ನಿಷೇಧಿಸಲಾಗಿದೆ. ಇಂದು 10.10ಕ್ಕೆ ನಡೆದ ಇಂತಹ ತಳ್ಳಾಟದಲ್ಲಿ ಕೌಂಟರು ಎರಡು ಮೀಟರು ಹಿಂದೆ ಸರಿದು ಕೈತೊಳೆಯುವ ಕೋಣೆಯನ್ನು ಪ್ರವೇಶಿಸಿದೆ. “ಗೆದ್ದಿದ್ದು ಸರಿ ಕಣ್ರಪ್ಪಾ, ನನ್ ಒಲೆ ಎಲ್ಲಿ?” ಎಂದು ಚಹಾದ ಅಮ್ಮ ಕೇಳಿರುತ್ತಾರೆ. ಸದರಿ ಪ್ರಶ್ನೆಯ ಪೂರ್ವಾರ್ಧವನ್ನು ಇಲಾಖೆ ಕೇಳಿಸಿಕೊಂಡಿಲ್ಲ. ಉತ್ತರಾರ್ಧದ ಮೇಲೆ ಕ್ರಮ ಜರುಗಿಸಲಾಗುತ್ತಿದೆ.

5. ರಗ್ಬಿಯಲ್ಲಿ ಚೆಂಡನ್ನು ಕೈಯಿಂದ ಹಿಂದಕ್ಕೆ ಮಾತ್ರ ಎಸೆಯಬಹುದು ಎಂಬ ನಿಯಮವನ್ನು ಅನುಸರಿಸಿ ಕೆಲವರು ಇಂದು ಕಡತಗಳನ್ನೂ ಹಿಂದಿನ ಮೇಜಿಗೇ ಎಸೆಯುತ್ತಿದ್ದಾರೆ. ಕಡತ ಹಿಂದಕ್ಕೆ ಹೋಗುವ ಪದ್ಧತಿ ಇಲಾಖೆಯಲ್ಲಿ ಮೊದಲಿನಿಂದಲೂ ಇದೆ. ಅದಕ್ಕೆ ಎಸೆಯುವ ಅಗತ್ಯವಿಲ್ಲ, ಅದು ತಾನಾಗಿಯೇ ಹೋಗುತ್ತದೆ.

6. ನಿವೃತ್ತಿಗೆ ಎರಡು ವಾರ ಬಾಕಿಯಿರುವ ದಾಖಲೆ ಕೊಠಡಿಯ ಹಿರಿಯರು ಕಡತವೊಂದನ್ನು ಎದೆಗವಚಿಕೊಂಡು ಕಾರಿಡಾರಿನುದ್ದಕ್ಕೂ ಓಡಿ, ನಿರ್ದೇಶಕರ ಕೋಣೆಯ ಹೊಸ್ತಿಲ ಮೇಲಿಂದ ಹಾರಿ, ಕಡತವನ್ನು ಜಮಖಾನೆಗೆ ಒತ್ತಿ ಹಿಡಿದು, ರಗ್ಬಿಯಲ್ಲಿ ಚೆಂಡನ್ನು ಗೆರೆಯಾಚೆ ನೆಲಕ್ಕೊತ್ತಿದವರಿಗೆ ಸಿಗುವ ಐದು ಅಂಕ ಕೇಳಿರುತ್ತಾರೆ. ಅಂಕಗಳನ್ನು ಮಂಜೂರು ಮಾಡಲು ಅವಕಾಶವಿಲ್ಲ. ಆದರೂ ಆ ಕಡತ ಏಳು ವರ್ಷಗಳ ನಂತರ ನಿರ್ದೇಶಕರ ಕೋಣೆ ತಲುಪಿದ್ದಕ್ಕೆ ಇಲಾಖೆ ಸಂತೋಷ ವ್ಯಕ್ತಪಡಿಸುತ್ತದೆ.

7. (ಏಳನೆಯ ಷರತ್ತು ಬರೆಯಲು ಕರಡುಗಾರರಿಗೆ ಧೈರ್ಯ ಸಾಲದ ಕಾರಣ ಈ ಕ್ರಮಾಂಕವನ್ನು ಬಿಡಲಾಗಿದೆ.)

8. ಕಿಟಕಿಯೊಂದನ್ನು ತೆರೆಯಬೇಕೋ ಮುಚ್ಚಬೇಕೋ ಎಂಬ ವಿಷಯದಲ್ಲಿ ಆರು ವರ್ಷದಿಂದ ಮಾತು ಬಿಟ್ಟಿದ್ದ ಟಪಾಲು ಗುಮಾಸ್ತರು ಮತ್ತು ದಾಸ್ತಾನುಗಾರರು ಶನಿವಾರ ಯಾವುದೋ ಕಾರಣಕ್ಕೆ ಒಬ್ಬರನ್ನೊಬ್ಬರು ಅಪ್ಪಿಕೊಂಡು ಹಾರಾಡಿರುತ್ತಾರೆ. ಅನುಮಾನ ಬಾರದಂತೆ ಗುರುವಾರದವರೆಗೆ ಮತ್ತೆ ಮಾತು ಬಿಡಲು ಅವರಿಗೆ ಸೂಚಿಸಲಾಯಿತು. ಪ್ರಯತ್ನಿಸಿದ್ದೇವೆ, ನಗು ಬರುತ್ತಿದೆ ಎಂದು ಇಬ್ಬರೂ ಜಂಟಿ ಅರ್ಜಿ ಸಲ್ಲಿಸಿದ್ದಾರೆ.

9. ಬೆಳಿಗ್ಗೆಯಿಂದ ಲಿಫ್ಟ್ ಕೆಟ್ಟಿದೆಯೆಂದು ಹನ್ನೊಂದು ದೂರುಗಳು ಬಂದಿವೆ. ಲಿಫ್ಟ್ ಕೆಟ್ಟಿಲ್ಲ. ರಿಪೇರಿಯವನ ಬಲಗಾಲನ್ನು ನೋಡುವ ಏಕೈಕ ಉದ್ದೇಶದಿಂದ ದೂರು ನೀಡುವುದು ಶಿಸ್ತುಕ್ರಮಕ್ಕೆ ಗುರಿಯಾಗುತ್ತದೆ. ಅವನು ಬಂದಾಗ ಚಪ್ಪಾಳೆ ತಟ್ಟದೆ, ಎಂದಿನಂತೆ “ಏನಯ್ಯಾ, ಇನ್ನೂ ಆಗ್ಲಿಲ್ವಾ?” ಎಂದೇ ಗದರತಕ್ಕದ್ದು. ಗದರುವಾಗ ಕಾಲಿಗೆ ನಮಸ್ಕರಿಸತಕ್ಕದ್ದಲ್ಲ.

10. ಹೀಗೆಲ್ಲ ಕಣ್ಣು ಮುಚ್ಚಿಕೊಂಡರೆ ನಡೆಯುತ್ತದೆಯೇ ಎಂದು ಕೆಲವರು ಸ್ಪಷ್ಟನೆ ಕೋರಿದ್ದಾರೆ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಪ್ರಕರಣವನ್ನು ಪೂರ್ವನಿದರ್ಶನವಾಗಿ ಪರಿಶೀಲಿಸಲಾಗಿದ್ದು, ಬೆಕ್ಕು ಸಿಕ್ಕಿಬಿದ್ದರೂ ಹಾಲು ಅಷ್ಟರಲ್ಲಿ ಖಾಲಿಯಾಗಿತ್ತೆಂಬುದು ಕಂಡುಬಂದಿದೆ.

11. ಈ ಸುತ್ತೋಲೆಯನ್ನು ಓದಿದ ಪ್ರತಿಯೊಬ್ಬರೂ, ತಾವು ಓದಿಲ್ಲವೆಂದು ದೃಢೀಕರಿಸಿ ಸಹಿ ಮಾಡತಕ್ಕದ್ದು.

ಈ ಕರಡನ್ನು ಬರೆಯುವಾಗ ಷರತ್ತಪ್ಪನವರು ನಾಲ್ಕು ಬಾರಿ ಎದ್ದು ಹೋಗಿ ಕಿಟಕಿಯಿಂದ ಮೈದಾನ ನೋಡಿ ಬಂದಿರುತ್ತಾರೆ. ಅವರಿಗೆ ಭಯವಾಗಿದೆ. ನಾಚಿಕೆಯೂ ಆಗಿದೆ. ನಡುನಡುವೆ ಆ ಒದೆತ ನೆನಪಾಗಿ ಒಬ್ಬರೇ ನಗುತ್ತಿರುವುದೂ ಕಂಡುಬಂದಿದ್ದು, ಅವರಿಗೂ ನಿಯಮ 2 ಅನ್ವಯವಾಗುತ್ತದೆಂದು ನೆನಪಿಸಲಾಗಿದೆ.

ಸೇರ್ಪಡೆ
(ಗುರುವಾರ, ಮಧ್ಯಾಹ್ನ 12.15)

ಜಾಗ ಸಮಿತಿಯು ಇಂದು ಹನ್ನೊಂದಕ್ಕೆ ಸೇರಿತು. ಮೂರು ದಿನ ಅಲೆದರೂ ಗಮನ ಪುಸ್ತಕಕ್ಕೆ ಒಂದು ಸಾಲೂ ಸಿಗದ ವಾಹನ ಶಾಖೆಯ ಮುಖ್ಯಸ್ಥರು ಮುಖ ಊದಿಸಿಕೊಂಡು ಮೂಲೆಯಲ್ಲಿ ಕುಳಿತಿದ್ದರು. ಪಂದ್ಯ ನೋಡಿರದ ಸದಸ್ಯರೊಬ್ಬರು ಹೊತ್ತು ಕಳೆಯಲು, “ಅದೇನೋ ಒದೆತವಂತೆ, ಸಲೀಸಾಗಿ ನಡುಮಧ್ಯದಿಂದ ಹೋಯ್ತಂತಲ್ಲ” ಎಂದರು. ಮುಖ್ಯಸ್ಥರು ಕುರ್ಚಿಯಿಂದ ಪುಟಿದೆದ್ದರು. “ಎಲ್ಲಿ ಸ್ವಾಮಿ ಸಲೀಸು! ಎಡಗಂಬಕ್ಕೆ ಫಟ್ ಅಂತ ಬಡಿದು ಒಳಗೆ ಬಿದ್ದಿದ್ದು! ನಾನೇ ನೋಡಿದೀನಿ, ಈ ಎರಡು ಕಣ್ಣಲ್ಲಿ!”

ನೆಂಟರ ಮನೆಯೆಂದರೆ ಮೈದಾನದ ಪೂರ್ವ ದಿಕ್ಕಿನ ಮೂರನೇ ಸಾಲು ಎಂಬುದೂ, ಮೈದಾನ ಬೇಡಿದ ತಾವೇ ಆ ತಂಡದ ಅಭಿಮಾನಿ ಎನ್ನಲು ನಾಚಿ ಮುಚ್ಚಿಟ್ಟಿದ್ದರೆಂಬುದೂ ಎಲ್ಲರಿಗೂ ತಿಳಿಯಿತು. ಹೇಳಿಕೆಯನ್ನು 11.06ಕ್ಕೆ ಅವರದೇ ಗಮನ ಪುಸ್ತಕದಲ್ಲಿ ನಮೂದಿಸಲಾಯಿತು. ಅನುಮತಿ ಆ ಕ್ಷಣವೇ ರದ್ದಾಯಿತು.

ಆದರೆ ಹೇಳಿಕೆ ಅಲ್ಲಿಗೆ ಮುಗಿಯಲಿಲ್ಲ. ಮುಖ್ಯಸ್ಥರು ಒದೆತವನ್ನು ಮಾಡಿ ತೋರಿಸಲಾಗಿ ಅವರ ಬಲಗಾಲಿನ ಬೂಟು ಹಾರಿ ದೀಪಕ್ಕೆ ಸಿಕ್ಕಿಕೊಂಡಿತು. ಸಮಿತಿಯ ಕೋರಿಕೆಯ ಮೇರೆಗೆ ಎಡಗಾಲಿನಲ್ಲೂ ತೋರಿಸಿದರು. ಮೂರನೆಯ ಸಲ ಹೇಳುವಷ್ಟರಲ್ಲಿ ಸದಸ್ಯರೆಲ್ಲ ಎದ್ದು ನಿಂತಿದ್ದರು. ಜಾಗದ ಬೇಡಿಕೆಯನ್ನು ಮಂಡಿಸುವಂತೆ ಸೂಚಿಸಿದಾಗ ಅವರು ಕಾಲುಚೀಲದಲ್ಲೇ ಕಿಟಕಿಗೆ ಹೋಗಿ ಮೈದಾನ ನೋಡಿದರು. “ಆ ಹುಡುಗ ಒದೆಯೋದು ಕಲ್ತಿದ್ದು ಅಲ್ಲೇ ಅಲ್ವಾ? ನನ್ ಜೀಪುಗಳು ಹೆಂಗೂ ಓಡಲ್ಲ, ಎಲ್ಲಿದ್ರೇನು ಬಿಡಿ” ಎಂದು ಬೇಡಿಕೆಯನ್ನು ಹಿಂಪಡೆದರು.

ಬೇರೆ ಯಾರೂ ಜಾಗ ಕೇಳದ ಕಾರಣ, ಹೊಸ ಆದೇಶವನ್ನು ಅಲ್ಲೇ ಬರೆಯಲು ಸಮಿತಿಯು ಷರತ್ತಪ್ಪನವರಿಗೆ ಸೂಚಿಸಿತು. ಮೈದಾನವನ್ನು ತಂಡಕ್ಕೆ ಕೊಡಲಾಗಿದೆ ಎಂಬ ಸಾಲನ್ನು ಅವರು ಒಂದೇ ಉಸಿರಿಗೆ ಬರೆದರು. ಕೆಳಗೆ ‘ಷರತ್ತುಗಳು’ ಎಂದು ಬರೆದು ನಿಂತರು. ಪೆನ್ನು ನಾಲ್ಕು ಬಾರಿ ಕಾಗದದ ಹತ್ತಿರ ಹೋಗಿ ಹಿಂದೆ ಬಂತು. ಯಾರೂ ಅವಸರ ಮಾಡಲಿಲ್ಲ. ಕೊನೆಗೆ ಅವರು ‘ಇಲ್ಲ’ ಎಂದು ಬರೆದು, ಪೆನ್ನಿನ ಮುಚ್ಚಳ ಹಾಕಿ, ಕನ್ನಡಕ ಒರೆಸಿಕೊಂಡರು.

ನಿಯಮ 1ರಿಂದ 11ರವರೆಗಿನ ಎಲ್ಲವನ್ನೂ ಈ ಮೂಲಕ ಹಿಂಪಡೆಯಲಾಗಿದ್ದು, ಗೆದ್ದೇಬಿಟ್ವಿ ಎಂದು ಸಮಸ್ತರ ಗಮನಕ್ಕೆ ತರಲಾಗಿದೆ.

(ಸಹಿ)
ನಿರ್ದೇಶಕರು
ಖಾಲಿ ಜಾಗಗಳ ಇಲಾಖೆ
(ಇವರ ಗಂಟಲೂ ಕಟ್ಟಿರುವುದರಿಂದ ಮೌಖಿಕ ಸ್ಪಷ್ಟನೆಗಾಗಿ ಯಾರೂ ಸಂಪರ್ಕಿಸತಕ್ಕದ್ದಲ್ಲ.)

ಪ್ರತಿಗಳು:

1. ಎಲ್ಲಾ ಶಾಖೆಗಳಿಗೆ, ಓದಿದ್ದೇವೆಂದು ಒಪ್ಪಿಕೊಳ್ಳಲು.
2. ಚಹಾದ ಅಮ್ಮನಿಗೆ, ಒಲೆ ಸಿಕ್ಕಿದ ಬಗ್ಗೆ ಖಚಿತಪಡಿಸಲು.
3. ವಾಹನ ಶಾಖೆಯ ಮುಖ್ಯಸ್ಥರಿಗೆ, ಬೂಟಿನ ಸಮೇತ.
4. ಶನಿವಾರದ ಎದುರಾಳಿ ತಂಡಕ್ಕೆ, ಸಾಂತ್ವನಕ್ಕಾಗಿ.
5. ಬರುವ ಶನಿವಾರದ ಎದುರಾಳಿ ತಂಡಕ್ಕೆ, ಮಾಹಿತಿಗಾಗಿ ಹಾಗೂ ಮುಂದಿನ ಅಗತ್ಯ ಸೋಲಿಗಾಗಿ.
6. ಅಧೀಕ್ಷಕರ ಅಕ್ಕನವರಿಗೆ, ಇಂದಿನ ಊಟದ ಬಗ್ಗೆ ಸೂಕ್ತ ಆದೇಶ ಕೋರಿ.
7. ಹೊಸ ರಗ್ಬಿ ತಂಡಕ್ಕೆ. ಈ ಪ್ರತಿಯನ್ನು ಅಧೀಕ್ಷಕರು ಖುದ್ದಾಗಿ ಮೈದಾನಕ್ಕೆ ಒಯ್ದು ಸೋದರಳಿಯನ ಕೈಗೆ ಕೊಟ್ಟಿರುತ್ತಾರೆ. ಸ್ವೀಕೃತಿಗೆ ಸಹಿ ಪಡೆಯಲಾಗಿಲ್ಲ. ಅಷ್ಟರಲ್ಲಿ ಸದರಿ ಅಧೀಕ್ಷಕರು ತಂಡದವರ ಹೆಗಲ ಮೇಲಿದ್ದರು, ಮತ್ತು ಇನ್ನೂ ಇಳಿಸಿರುವುದಿಲ್ಲ.